ಸೊಗಡಿಲ್ಲದ ಅವರೆಕಾಯಿ

ನನಗೆ ಗರ್ಭಕೋಶದ ಕ್ಯಾನ್ಸರ್ ಬಂದು, ಹೋಗಿ, ತಲೆಯಲ್ಲಿ ಕೂದಲು ಮತ್ತೆ ಬೆಳೆದ ಮೇಲೂ ಮನೆಯಲ್ಲಿ ಒಂದು ಕಾಯಿಲೆ ಉಳಿದುಕೊಂಡಿತ್ತು. ಅದು ನನ್ನ ಗಂಡನ ಒಳ್ಳೆಯತನ. ಇಪ್ಪತ್ತೆರಡು ವರ್ಷ ದಿನಾ ಜಗಳವಾಡಿದ ಮನುಷ್ಯ ಈಗ ಫ್ಯಾನ್ ಹಾಕಲಾ ಎಂದರೂ ಹೂಂ, ಆರಿಸಲಾ ಎಂದರೂ ಹೂಂ. ಮೊದಲೆಲ್ಲ ನನ್ನನ್ನು ಬಿಟ್ಟು ದಾಪುಗಾಲು ಹಾಕುತ್ತಿದ್ದವರು, ಈಗ ಎಲ್ಲಿ ಬೀಳುತ್ತೇನೋ ಎಂದು ಹಿಂದೆಯೇ ನಡೆಯುತ್ತಿದ್ದರು. ನನಗೆ ನರ್ಸ್ ಬೇಕಿರಲಿಲ್ಲ, ನನ್ನ ಗಂಡ ವಾಪಸ್ ಬೇಕಿತ್ತು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಅದನ್ನು ಆರಿಸುವುದು ನಮ್ಮಲ್ಲಿ ಅವರ ಹಕ್ಕು. ಕಾಯಿಯನ್ನು ಮೂಗಿಗೆ ಹಿಡಿದು, ಸೊಗಡಿನ ಘಮ ಇದ್ದರಷ್ಟೇ ಚೀಲಕ್ಕೆ ಹಾಕುವುದು. ನಾನು ಕೈ ಹಾಕಿದರೆ ತಳ್ಳಿಬಿಡುತ್ತಿದ್ದರು. ಆ ಭಾನುವಾರ ಆರ್.ಟಿ. ನಗರದ ರಸ್ತೆ ಬದಿಯ ರಾಶಿಯ ಮುಂದೆ ನಿಂತು, "ನೀನೇ ಆರ್ಸು, ನಿಂಗಿಷ್ಟ ಬಂದಿದ್ದು" ಎಂದರು.

ನೋಡಿಯೇ ಬಿಡೋಣ ಎಂದು ಬಲಿತದ್ದು, ಬಾಡಿದ್ದು ಹುಡುಕಿ ಹುಡುಕಿ ತುಂಬಿದೆ. ಅವರ ಕೈ ಮುಂದೆ ಬಂತು, ಮತ್ತೆ ಜೇಬಿಗೆ ಹೋಯಿತು. ಮಧ್ಯಾಹ್ನ ಆ ಸಾರಿನಲ್ಲಿ ಮುದ್ದೆ ನುಂಗಿ, "ಚೆನ್ನಾಗಿದೆ" ಎಂದರು.

"ಸುಳ್ ಹೇಳ್ಬೇಡ್ರೀ. ಹುಲ್ ಬೇಯ್ಸಿಟ್ಟಂಗಿದೆ."

ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟರು. "ರಿಪೋರ್ಟ್ ಬಂದ್ ದಿನ ಬೆಳಿಗ್ಗೆನೂ ನಿನ್ನ ಬೈದಿದ್ದೆ ಕಣೇ. ಕಾಫಿ ತಣ್ಣಗಿದೆ ಅಂತ."

ಅಂದರೆ ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದರು. ನನಗೆ ಆ ಕಾಫಿಯ ನೆನಪೇ ಇರಲಿಲ್ಲ.

"ತಣ್ಣಗಿತ್ತೇನೋ, ಬೈದ್ರಿ. ಅದಕ್ಕೆಲ್ಲಾ ಕ್ಯಾನ್ಸರ್ ಬರೋದಾಗಿದ್ರೆ ಈ ಬೀದೀಲಿ ಒಬ್ಳು ಹೆಂಡ್ತಿನೂ ಉಳೀತಿರ್ಲಿಲ್ಲ. ಡಾಕ್ಟ್ರು ನನ್ನ ಡಿಸ್ಚಾರ್ಜ್ ಮಾಡಿ ವರ್ಷ ಆಯ್ತು. ನೀವ್ ಯಾವಾಗ್ ಮಾಡ್ತೀರಾ?"

ತಟ್ಟೆ ಎತ್ತಿಕೊಂಡು ಹೋದರು.

ಮುಂದಿನ ಭಾನುವಾರ ಅದೇ ರಾಶಿ. ನಾನು ಒಂದು ಕಾಯಿ ಎತ್ತಿಕೊಂಡೆ ಅಷ್ಟೆ, ಕೈಯನ್ನು ತಳ್ಳಿದರು.

"ಬಿಡೇ ಅತ್ಲಾಗೆ. ಇಷ್ಟ್ ವರ್ಷ ಆದ್ರೂ ಒಂದ್ ಅವರೆಕಾಯಿ ಆರ್ಸಕ್ ಬರಲ್ಲ ನಿಂಗೆ."

ಮಾರುವವಳಿಗೆ ನನ್ನ ಕಾಯಿಲೆಯ ವಿಷಯ ಗೊತ್ತಿತ್ತು. "ಪಾಪ, ಹುಷಾರಿಲ್ದೆ ಎದ್ದಿರೋರು ಅಕ್ಕ. ಬೈಬೇಡಣ್ಣ" ಎಂದಳು.

"ನೀನ್ ಸುಮ್ನಿರಮ್ಮ, ಬೈಲಿ" ಎಂದೆ.

ಚೀಲವನ್ನು ನನ್ನ ಕೈಗೆ ತುರುಕಿ, ಕಳೆದ ವಾರದ ಸಾರನ್ನೂ ಸೇರಿಸಿ ಬೈಯುತ್ತಾ, ತಿರುಗಿಯೂ ನೋಡದೆ ಮುಂದೆ ನಡೆದರು. ನಾನು ಬಾಯಿಗೆ ಬಾಯಿ ಕೊಡುತ್ತಾ ಹಿಂದೆ ಓಡಿದೆ.