ಕಾಕಾನ ಬೆವರು, ಕಾಕುನ ಕುಸುಬಿ ಎಣ್ಣೆ

ಸಿಂದಗಿಯಲ್ಲಿ ನಾನೊಬ್ಬ ಗನ್‌ಮ್ಯಾನ್. ಭಾರೀ ದೊಡ್ಡ ಹುದ್ದೆ ಎಂದು ನಮ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಜ ಹೇಳಬೇಕೆಂದರೆ ಒಬ್ಬ ಮುಖಂಡರ ಹಿಂದೆ ಸಫಾರಿ ತೊಟ್ಟು ನಿಲ್ಲುವುದು, ಅವರ ಕಾರಿನ ಬಾಗಿಲು ತೆಗೆಯುವುದು, ಅವರ ಕೊರಳಿನ ಹಾರ ಇಸಿದುಕೊಳ್ಳುವುದು. ಸೊಂಟದಲ್ಲಿ ಪಿಸ್ತೂಲು, ಅದರ ಮೇಲೆ ನನ್ನ ಹೊಟ್ಟೆ. ಯಾರಾದರೂ ಮೈಮೇಲೆ ಬಂದರೆ ಮೊದಲು ಹೊಟ್ಟೆ ಎತ್ತಿ, ಆಮೇಲೆ ಪಿಸ್ತೂಲು ಹಿರಿಯಬೇಕು. ಬಂದವನಿಗೆ ತುಸು ಪುರುಸೊತ್ತಿದ್ದರೆ ಒಳ್ಳೆಯದು.

ನನ್ನ ಜೋಡಿ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೇಬಲ್. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಮಂಗ್ಯಾ ಎನ್ನುತ್ತಾರೆ. ಮುಖಂಡರ ಭಾಷಣ, ವೈರ್‌ಲೆಸ್ಸಿನ ಗೊರಗೊರ, ಕಾಕಾನ ಗೊರಕೆ ಎಲ್ಲವನ್ನೂ ಅಣಕಿಸಿ ತೋರಿಸುತ್ತೇನಾದ್ದರಿಂದ ಆ ಹೆಸರು. ಒಂದು ದಿನ ಅವರ ಪಾಳಿ, ಮರುದಿನ ನನ್ನದು. ಈ ಪಾಳಿಯ ಮೇಲೆಯೇ ಅವರ ಸಂಸಾರ ನಿಂತಿತ್ತು. ಅವರ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಕಿಡ್ನಿ ಕೆಟ್ಟಿವೆ. ದಿನ ಬಿಟ್ಟು ದಿನ ಡಯಾಲಿಸಿಸ್. ಮಕ್ಕಳಿಲ್ಲ. ಪಾಳಿ ಇಲ್ಲದ ದಿನ ಕಾಕಾ ಆಕೆಯನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಮಗ್ಗುಲಲ್ಲೇ ಕೂತಿದ್ದು, ಹಿಡಿದುಕೊಂಡು ಮನೆಗೆ ತರುತ್ತಿದ್ದರು. ಈ ಕೆಲಸ ತಪ್ಪಿತೆಂದರೆ ವಿಜಯಪುರದ ಮೀಸಲು ಪಡೆಗೆ ವಾಪಸ್. ಅಲ್ಲಿಂದ ಇವತ್ತು ಮುದ್ದೇಬಿಹಾಳದ ಬಂದೋಬಸ್ತು, ನಾಳೆ ಬಸವನ ಬಾಗೇವಾಡಿಯದು. ಕಾಕು ಯಾರ ಕೈ ಹಿಡಿದು ಮೆಟ್ಟಿಲು ಇಳಿಯಬೇಕು?

ಇಷ್ಟಕ್ಕೂ ಅಡ್ಡ ನಿಂತದ್ದು ಕಾಕಾನ ಬೆವರು.

ಕೆಲವರ ಬೆವರು ಕಬ್ಬಿಣಕ್ಕೆ ಆಗಿಬರುವುದಿಲ್ಲ. ಕಾಕಾನ ಕೈಗಡಿಯಾರದ ಬೆನ್ನು ತೂತಾಗಿತ್ತು. ಬೆಲ್ಟಿನ ಬಕಲು ಅಂಗಿಯ ಮೇಲೆ ಕೆಂಪು ಚಂದ್ರನನ್ನು ಬರೆಯುತ್ತಿತ್ತು. ಬೆಳಿಗ್ಗೆ ಒರೆಸಿ ಸಿಕ್ಕಿಸಿಕೊಂಡ ಪಿಸ್ತೂಲಿನ ಮೇಲೆ ಸಂಜೆಗೆ ಅವರ ಹೆಬ್ಬೆಟ್ಟಿನ ಗುರುತು ಕಿತ್ತಳೆ ಬಣ್ಣದಲ್ಲಿ ಮೂಡಿರುತ್ತಿತ್ತು.

"ಕಾಕಾ, ನೀವು ಕಳವು ಮಾಡಿದ್ರ ಪೊಲೀಸ್ರಿಗೆ ಭಾಳ ಹಗುರ ಆಕ್ಕೈತಿ ನೋಡ್ರಿ," ಎಂದರೆ, "ಹುಟ್ಟಿದಾಗಿಂದ ಹಿಂಗ ಐತಲೇ ಮಂಗ್ಯಾ, ಏನ್ ಮಾಡ್ಲಿ? ಮೈ ಬಿಚ್ಚಿ ಗೂಟಕ್ಕ ಹಾಕಾಕ ಬರ್ತೈತೇನು?" ಎನ್ನುತ್ತಿದ್ದರು.

ಮಾಡದ ಉಪಾಯವಿಲ್ಲ. ರಾತ್ರಿ ಪಿಸ್ತೂಲನ್ನು ಸೊಂಟದ ತೊಗಲಿನ ಚೀಲದಲ್ಲೇ ಬಿಟ್ಟರೆ ತೊಗಲು ಹೀರಿದ ಬೆವರನ್ನೆಲ್ಲ ಕಬ್ಬಿಣಕ್ಕೆ ಕುಡಿಸುತ್ತದೆ ಎಂದು ಬೇರೆ ತೆಗೆದಿಟ್ಟರು. ಸೊಂಟಕ್ಕೂ ಪಿಸ್ತೂಲಿಗೂ ನಡುವೆ ಕರವಸ್ತ್ರ ಇಟ್ಟರು. ಅದು ತೊಯ್ದು ಇನ್ನಷ್ಟು ಕೇಡಾಯಿತು. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೇ ನೀರೊಡೆಯಿತು. ಪೌಡರ್ ಹಾಕಿಕೊಂಡ ದಿನ ಮುಖಂಡರು ಮೂಗು ಏರಿಸಿ, "ಯಾವ ಮದವಿಗಿ ಹೊಂಟೀರಿ ದಫೇದಾರ್ರ?" ಎಂದರು. ಎಣ್ಣೆ ಜಾಸ್ತಿ ಬಳಿದರೆ ಎರೆಮಣ್ಣಿನ ದೂಳು ಅದಕ್ಕೆ ಮೆತ್ತಿಕೊಂಡು ಕಿಸಿಕಿಸಿ ಎನ್ನುತ್ತದೆ. ಕಡಿಮೆ ಬಳಿದರೆ ಬೆವರು ಮಧ್ಯಾಹ್ನದೊಳಗೆ ಅದನ್ನು ತೊಳೆದುಬಿಡುತ್ತದೆ. ಆಯುಧ ರಿಪೇರಿ ಮಾಡುವ ಆರ್ಮರರ್ ಕೊಡುತ್ತಿದ್ದ ಗನ್ ಆಯಿಲ್ ಕಣ್ಣಿಗೆ ಬಿಡುವ ಔಷಧದಷ್ಟು. "ಒಗ್ಗರಣಿ ಹಾಕಾಕತ್ತೀರೇನು? ಒಂದು ಹನಿ ಬಿಡ್ರಿ, ಚಿಂದೀಲೆ ಒರಸ್ರಿ, ಕಂಡೂ ಕಾಣದಂಗ ಇರ್ಬೇಕು," ಎಂದು ಮೂಗಿನಲ್ಲಿ ಹೇಳುತ್ತಿದ್ದ. ನಾನು ಅವನ ದನಿ ತೆಗೆದು ಹೇಳಿದರೆ ಕಾಕು ಹಾಸಿಗೆಯಲ್ಲೇ ನಗುತ್ತಿದ್ದಳು.

ಮಳೆಗಾಲದ ತಪಾಸಣೆಯಲ್ಲಿ ಅಧಿಕಾರಿ ಕಾಕಾನ ಪಿಸ್ತೂಲನ್ನು ಬೆಳಕಿಗೆ ಹಿಡಿದು, "ಮುಂದಿನ ಸಲ ಇಷ್ಟೇ ತುಕ್ಕು ಕಂಡರೂ ನೀವು ವಾಪಸ್ ಬರ್ರಿ," ಎಂದುಬಿಟ್ಟರು. ಕಾಕಾ ಸೆಲ್ಯೂಟ್ ಹೊಡೆದರು. ಆ ಸೆಲ್ಯೂಟಿಗೂ ಕೈ ಬೆವೆತಿತ್ತು.

ಆಮೇಲೆ ದಸರೆ, ಆಯುಧಗಳ ಖಂಡೇಪೂಜೆ ಬಂತು. ಕುಡಗೋಲು, ಈಳಿಗೆಮಣೆ, ಬೈಕು, ಪಿಸ್ತೂಲು ಎಲ್ಲಕ್ಕೂ ಕಾಕುನ ಮನೆಯಲ್ಲಿ ವಿಭೂತಿ ಬಿತ್ತು. ತವರಿನವರು ಗಾಣಕ್ಕೆ ಹಾಕಿಸಿ ಕಳಿಸಿದ್ದ ಕುಸುಬಿ ಎಣ್ಣೆಯಿತ್ತು. ನಮ್ಮ ಕಡೆ ಕುಸುಬಿ ಎಣ್ಣೆ ಹತ್ತದ ಜಾಗವೇ ಇಲ್ಲ. ರೊಟ್ಟಿಯ ಮೇಲಿನ ಚಟ್ನಿಪುಡಿಗೂ ಅದೇ, ತಲೆಗೂ ಅದೇ, ಬಾಗಿಲ ತಿರುಗಣಿಗೂ ಅದೇ. ಕಾಕು, "ಕಂಪನಿ ಎಣ್ಣಿ ತಗೊಂಡು ಏನ್ ಮಾಡ್ತೀರಿ? ಇದನ್ನ ಹಚ್ಚ್ರಿ, ಮೈಗೇ ಬರ್ತೈತಿ, ಕಬ್ಬಿಣಕ್ಕ ಬರೂದಿಲ್ಲೇನು?" ಎಂದಳು. ಕಾಕಾ ಪಿಸ್ತೂಲು ಬಿಚ್ಚಿ ಒಳಗೂ ಹೊರಗೂ ಧಾರಾಳವಾಗಿ ಹಚ್ಚಿ ಕೂಡಿಸಿದರು.

ಮತ್ತೆ ತುಕ್ಕು ಬರಲಿಲ್ಲ! ಎಷ್ಟು ಬೆವೆತರೂ ಬರಲಿಲ್ಲ. ಪಿಸ್ತೂಲಿಗೆ ಬೆಲ್ಲದ ಪಾಕ ಎರೆದಂಥ ಹೊಳಪು. ಕಾಕಾ ಅದನ್ನು ದಿನಕ್ಕೆರಡು ಸಲ ತೆಗೆದು ನೋಡಿ, ಮೇಲೆ ಮೇಲೆ ಒರೆಸಿ, ಮತ್ತೆ ಸಿಕ್ಕಿಸುತ್ತಿದ್ದರು. "ಚಲೋ ಇದ್ದದ್ದನ್ನ ಯಾಕ ಬಿಚ್ಚೂದು?" ನನಗೂ ಹೊಟ್ಟೆಕಿಚ್ಚಾಗಿ ಕಾಕುಗೆ ಒಂದು ಬಾಟಲಿ ಕೇಳಿದೆ. "ಮುಗದೈತಪಾ, ಮುಂದಿನ ಗಾಣಕ್ಕ ಕೊಡ್ತೇನಿ," ಎಂದಳು. ನನ್ನ ಪಿಸ್ತೂಲು ಉಳಿದದ್ದು ನನ್ನ ಜಾಣತನದಿಂದಲ್ಲ, ಎಣ್ಣೆ ತೀರಿದ್ದರಿಂದ.

ಚಳಿ ಹಿಡಿಯುವ ಹೊತ್ತಿಗೆ ಮತ್ತೆ ತಪಾಸಣೆ. ಕಾಕಾ ಹೊಸ ಕ್ಷೌರ ಮಾಡಿಸಿಕೊಂಡು ಬಂದಿದ್ದರು. ಅಧಿಕಾರಿ ಪಿಸ್ತೂಲನ್ನು ಹೊರಳಿಸಿ ಹೊರಳಿಸಿ ನೋಡಿ, "ಭೇಷ್! ತುಕ್ಕಿಲ್ಲ," ಎಂದರು. ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

"ಎಲ್ಲಿ, ಸ್ಲೈಡ್ ಎಳೀರಿ."

ಮೇಲಿನ ಆ ಲೋಹದ ಹೊದಿಕೆಯನ್ನು ಹಿಂದಕ್ಕೆಳೆದರೆ ತಾನೇ ಗುಂಡು ನಳಿಕೆಗೆ ಏರುವುದು. ಕಾಕಾ ಎಳೆದರು. ಉಗುರಿನಷ್ಟು ಸರಿದು ನಿಂತಿತು. ಮತ್ತೆ ಎಳೆದರು. ಕೈ ಬೆವೆತು ಜಾರಿತು. ಪ್ಯಾಂಟಿಗೆ ಕೈ ಒರೆಸಿಕೊಂಡು, ಹಲ್ಲು ಕಚ್ಚಿ ಎಳೆದರು. ಆರ್ಮರರ್ ಇಸಿದುಕೊಂಡು, ಮರದ ಹಿಡಿಯಿಂದ ತಟ್ಟಿ ಬಿಚ್ಚಿ, ಒಳಗೆ ಉಗುರು ಆಡಿಸಿದ. ಹಳೆಯ ಕುರ್ಚಿಯ ವಾರ್ನಿಷಿನಂತೆ ಹಳದಿ ಪದರು ಎದ್ದು ಬಂತು.

"ಏನ್ ಹಚ್ಚೀರ್ರಿ?"

"ಕುಸುಬಿ ಎಣ್ಣಿರಿ."

"ಅದು ಆರತೈತ್ರಿ ದಫೇದಾರ್ರ. ಆರಿ ಅಂಟಿನಂಗ ಹಿಡೀತೈತಿ."

ನಾನು ವಾತಾವರಣ ತಿಳಿಯಾಗಲೆಂದು, "ಸರ್, ವೈರಿ ಬಂದ್ರ ಹುರದ ಶೇಂಗಾ ಹಾಕಿ ಚಿಕ್ಕಿ ಮಾಡಿ ಕೊಡಬಹುದ್ರಿ," ಎಂದೆ. ಯಾರೂ ನಗಲಿಲ್ಲ. ಅಧಿಕಾರಿ ಬೈಯಲೂ ಇಲ್ಲ. ಬೈದಿದ್ದರೆ ಕೈಕಾಲು ಹಿಡಿಯಬಹುದಿತ್ತು. "ಒಂದು ಜೀವ ಕಾಯಾಕ ಕೊಟ್ಟದ್ದಿದು. ನಾ ಏನ್ ಮಾಡ್ಲಿ, ನೀವ ಹೇಳ್ರಿ," ಎಂದು ಕಾಕಾನನ್ನೇ ಕೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಕಾಕುನ ಸಂಗತಿ ನಾನು ಬಾಯಿಬಿಟ್ಟು ಹೇಳಿದೆ. "ಗೊತ್ತೈತಿ," ಎಂದರು. ಅದೂ ನಿಜವೇ ಇತ್ತು.

ಕಾಕಾ ವಿಜಯಪುರಕ್ಕೆ ವಾಪಸ್ ಹೋದರು. ಹೊಸ ಜೋಡಿ ಬಂದ. ಅವನ ಕೈ ಮರಳಿನಂತೆ ಒಣ. ಎಣ್ಣೆಯ ಮಾತನ್ನು ಕಾಕುಗೆ ನಾವು ಇಬ್ಬರೂ ಹೇಳಿಲ್ಲ. ವಯಸ್ಸಾಯಿತೆಂದು ಬದಲಿಸಿದರು ಎಂದುಕೊಂಡಿದ್ದಾಳೆ. ಹೊಸಬನ ಜೊತೆ ಪಾಳಿ ಅದಲುಬದಲು ಮಾಡಿಕೊಂಡು, ಡಯಾಲಿಸಿಸ್ಸಿನ ದಿನ ನಾನೇ ಆಕೆಯನ್ನು ಕರೆದೊಯ್ಯುತ್ತೇನೆ. ಆದರೆ ಮುಖಂಡರು ಕರೆದರೆ ಪಾಳಿ ಎಲ್ಲಿಯದು?

ಮೊನ್ನೆ ಇಂಡಿ ಊರಿನಲ್ಲಿ ಅವರ ಸಭೆಯ ನಡುವೆ ಕಾಕಾನ ಫೋನು ಬಂತು.

"ತಮ್ಮಾ, ದವಾಖಾನ್ಯಾಗ ಆಕೀ ಜೋಡಿ ಅದೀಯೇನು?"

ಅವರು ಮಂಗ್ಯಾ ಎನ್ನಲಿಲ್ಲ.

"ಇಂಡ್ಯಾಗದೇನಿ ಕಾಕಾ. ಮುಂಜಾನೆ ಒಮ್ಮೆಲೆ ಕರದ್ರು. ಆಟೋ ಹಚ್ಚಿಕೊಟ್ಟೇನಿ."

"ಒಬ್ಬಾಕಿನ ಹೋದ್ಳು?"

"ಹೌದ್ರಿ."

ಅವರ ಹಿಂದೆ ಯಾವುದೋ ಊರಿನ ಮೆರವಣಿಗೆಯ ಡೊಳ್ಳು ಕೇಳುತ್ತಿತ್ತು. ನನ್ನ ಹಿಂದೆ ಮೈಕು. "ಆತು ಬಿಡು," ಎಂದರು. ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ವೇದಿಕೆಯ ಮೇಲೆ ಮುಖಂಡರು ಎದ್ದು ನಿಂತು ಹಾರಕ್ಕೆ ಕೊರಳು ಒಡ್ಡಿದರು. ನಾನು ಹೋಗಬೇಕಾಯಿತು.