ಬಾಯಿ ಮುಚ್ಚಲಾಗದ ಪೆಟ್ಟಿಗೆ

"ಕ್ರೈನನಿಗೆ ಮೂಗಿನ ಮೇಲೆ ಕೋಪ, ಮಾಡಿನ ಮೇಲೆ ತಂತಿ. ಎರಡನ್ನೂ ಮುಟ್ಟಬೇಡ್ರಮ್ಮ" ಎಂದು ಬಂದರಿನ ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು.

ಕಡಲಂಚಿನ ಜೀಲಂಡ್ ಸೀಮೆಯ ಆ ಪುಟ್ಟ ಊರಿನಲ್ಲಿ ಅವನು ಸೈಕಲ್ ರಿಪೇರಿಯವನು. ಮದುವೆಯಿಲ್ಲ, ಅಕ್ಕ ಯಾನ್ನಾ ಜತೆಗಿದ್ದಳು. ರೇಡಿಯೊ ಕೊಳ್ಳುವ ತಾಕತ್ತು ಓಣಿಯಲ್ಲಿ ಯಾರಿಗೂ ಇಲ್ಲದ ಕಾಲದಲ್ಲಿ, ತನ್ನ ಅಟ್ಟದಲ್ಲೊಂದು ದೊಡ್ಡ ರೇಡಿಯೊ ಇಟ್ಟು, ಅಲ್ಲಿಂದ ಹೆಂಚುಗಳ ಮೇಲೆ ತಂತಿ ಎಳೆದು, ಅರವತ್ತೊಂದು ಅಡುಗೆಮನೆಗಳಿಗೆ ಹಾಡು, ಪ್ರವಚನ, ಕಡಲಿನ ಹವಾಮಾನ ಮುಟ್ಟಿಸಿದ. ಗೋಡೆಗೊಂದು ಮರದ ಪೆಟ್ಟಿಗೆ, ಅದಕ್ಕೊಂದು ಗುಂಡಿ. ಒಂದಕ್ಕೆ ತಿರುಗಿಸಿದರೆ ಚರ್ಚಿನವರ ರೇಡಿಯೊ ನಿಲಯ, ಎರಡಕ್ಕೆ ತಿರುಗಿಸಿದರೆ ಕೆಂಬಾವುಟದ ಕಾರ್ಮಿಕರದು. ಬಂದ್ ಮಾಡಲು ಮಾತ್ರ ಏನೂ ಇಲ್ಲ.

"ಇದರ ಬಾಯಿ ಮುಚ್ಚಿಸೋದು ಹೆಂಗಪ್ಪಾ?" ಎಂದು ಮೀನು ಮಾರುವ ಮುದುಕಿ ಲೇನಾ ಕೇಳಿದ್ದಳು.

"ಬಾವಿ ತೋಡಿಕೊಟ್ಟೋನ ಹತ್ರ ಮುಚ್ಚಳ ಕೇಳ್ತಾರೇನಜ್ಜಿ?" ಎಂದಿದ್ದ ಕ್ರೈನ್. ಜಂಭದ ಮಾತು.

ಯುದ್ಧ ಬಂತು, ಜರ್ಮನ್ನರು ಬಂದು ನಾಡನ್ನು ಹಿಡಿದರು. ಅವನ ತಂತಿಗಳು ಸರ್ಕಾರದ ಪಾಲಾದವು, ಅವನು ಅವುಗಳ ಕಾವಲುಗಾರನಾದ. ಮೂರನೆಯ ವರ್ಷ, ಹೊರದೇಶದ ಸುದ್ದಿ ಯಾರೂ ಕೇಳದಿರಲೆಂದು, ಊರಿನಲ್ಲಿದ್ದ ಒಂದೊಂದು ರೇಡಿಯೊವನ್ನೂ ಗಾಡಿಗೆ ಹೇರಿಕೊಂಡು ಹೋದರು. ಕ್ರೈನನ ಪೆಟ್ಟಿಗೆಗಳನ್ನು ಬಿಟ್ಟರು. ಯಾಕೆ ಬಿಡುವುದಿಲ್ಲ? ಒಂದಕ್ಕೆ ತಿರುಗಿಸಿದರೂ ಅವರದೇ ದನಿ, ಎರಡಕ್ಕೆ ತಿರುಗಿಸಿದರೂ ಅವರದೇ. ಹೆಂಗಸರು ಪೆಟ್ಟಿಗೆಗೆ ದಿಂಬು ಕಟ್ಟಿದರು, ಉಣ್ಣೆಯ ಕಾಲುಚೀಲ ತುರುಕಿದರು. ದನಿ ಸೋಸಿಕೊಂಡು ಬರುತ್ತಲೇ ಇತ್ತು.

ಲೇನಾಳ ಮಗ ಮರೀನುಸ್‌ನನ್ನು ಜರ್ಮನ್ನರು ಗುಂಡಿಟ್ಟು ಕೊಂದ ಸುದ್ದಿಯೂ ಅದರಿಂದಲೇ ಬಂತು. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಆ ಚೂರಿ ಹಿಡಿದುಕೊಂಡೇ ಸಂಜೆ ಸೈಕಲ್ ಅಂಗಡಿಗೆ ಬಂದಳು.

"ಮುಚ್ಚಳ ಕೊಡೋ. ನನ್ನ ಮಗನ್ನ ನನ್ನ ಒಲೆ ಮುಂದೇನೇ ಮೂರು ಸಲ ದ್ರೋಹಿ ಅಂದ್ರು. ಆ ಬಾಯಿನ ನನ್ನ ಗೋಡೆಗೆ ಮೊಳೆ ಹೊಡೆದು ಹೋದೋನು ನೀನು!"

ಬೆಳಗಾಗುತ್ತಲೇ ಕ್ರೈನ್ ಜರ್ಮನ್ನರ ಕಚೇರಿಗೆ ಹೋಗಿ, ಪೆಟ್ಟಿಗೆಗಳಿಗೆ ಬಂದ್ ಮಾಡುವ ಗುಂಡಿ ಹಾಕಲು ಅಪ್ಪಣೆ ಕೇಳಿದ.

ಅಧಿಕಾರಿ ನಕ್ಕ. "ಮುಟ್ಟಿದೋರಿಗೆ ಜೈಲು. ಬಂದ್ ಮಾಡೋ ಗುಂಡಿ ಇಲ್ಲ ಅಂತಾನೇ ಅಲ್ವೇನಯ್ಯಾ ಉಳಿಸಿರೋದು? ಭೇಷ್, ಒಳ್ಳೇ ಪೆಟ್ಟಿಗೆ ಮಾಡಿದ್ದೀಯ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಹೊಗಳಿಕೆ ಮೈಯೆಲ್ಲ ಉರಿಸಿತು. ಅವರ ಮೇಲೆ ಸಿಟ್ಟು, ತನ್ನ ಮೇಲೆ ಅದರ ಎರಡರಷ್ಟು. ಅಟ್ಟದಲ್ಲಿ ತಂತಿ ಕತ್ತರಿಸಿದರೆ ಒಂದು ಗಳಿಗೆಯಲ್ಲಿ ಜೋಡಿಸಿಬಿಡುತ್ತಾರೆ. ಇಕ್ಕಳ ತೆಗೆದುಕೊಂಡು ಹಾಡುಹಗಲೇ ಮನೆಮನೆ ಹೊಕ್ಕ. ಪೆಟ್ಟಿಗೆ ಬಿಚ್ಚಿ, ಒಳಗೆ ದನಿ ಹೊರಡಿಸುವ ತಂತಿಯ ಸುರುಳಿ ಕಿತ್ತು, ಬಂದರಿನ ನೀರಿಗೆ ಎಸೆದ. ಲೇನಾಳ ಮನೆ ಮೊದಲು. ಅವಳೇ ಕುರ್ಚಿ ಎಳೆದುಕೊಟ್ಟಳು, ಹತ್ತಲಿ ಎಂದು.

ಅರವತ್ತು ಮನೆ ಮುಗಿಸಿ ಅವನು ತನ್ನ ಮನೆಗೆ ಹಿಂತಿರುಗಿ ಬಂದಾಗ ಬಾಗಿಲ ಮುಂದೆ ಮೋಟಾರು ನಿಂತಿತ್ತು, ಇಬ್ಬರು ಸಿಪಾಯಿಗಳು ಕಾಯುತ್ತಿದ್ದರು. ಯಾನ್ನಾ ರೊಟ್ಟಿಯ ಗಂಟು ಕೈಗಿಟ್ಟಳು.

"ಟೋಪಿ ಹಾಕ್ಕೊಳ್ಳೋ, ಮೂರ್ಖ. ಹೊರಗೆ ಗಾಳಿ."

ಅವಳ ತಲೆಯ ಮೇಲೆ, ಅಡುಗೆಮನೆಯ ಗೋಡೆಯಲ್ಲಿ, ಅರವತ್ತೊಂದನೆಯ ಪೆಟ್ಟಿಗೆ ಇನ್ನೂ ಅರಚುತ್ತಿತ್ತು. ಬಿಚ್ಚುವಷ್ಟು ಹೊತ್ತಿಲ್ಲ; ಕ್ರೈನ್ ಇಕ್ಕಳ ಎತ್ತಿ ಅದರ ತಂತಿ ಕತ್ತರಿಸಿದ. ಇಕ್ಕಳವನ್ನು ಅಕ್ಕನ ಕೈಗೆ ಕೊಟ್ಟು, ಟೋಪಿ ಹಾಕಿಕೊಂಡು ಹೊಸಿಲು ದಾಟಿದ.