ಬಿಚ್ಚಬಾರದ ಫೋನು

ಚಿಕ್ಕಪ್ಪನಿಗೆ ಬೀದಿಯವರು ಇಟ್ಟ ಹೆಸರು ಸ್ಕ್ರೂ ಮೇಷ್ಟ್ರು. ಫೋನ್ ರಿಪೇರಿ ಅವನ ಕಸುಬು. ಕೆಟ್ಟ ಫೋನು ಕೈಗೆ ಬಂದರೆ ಸಾಕು, ಮುಖ ಅರಳುತ್ತಿತ್ತು. ನನ್ನನ್ನು ನೋಡಿ ಒಂದು ದಿನವಾದರೂ ಹೀಗೆ ಅರಳಿದ್ದುಂಟೇ ಎಂದು ಚಿಕ್ಕಮ್ಮ ರೇಗಿಸುತ್ತಿದ್ದಳು.

ಆಮೇಲೆ ಫೋನ್ ತಯಾರಿಸುವ ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ತಾನು ಒಪ್ಪದ ಅಂಗಡಿಯಲ್ಲಿ ಪರದೆ ಬದಲಿಸಿದರೆ, ಅದು ಇನ್ನೊಂದು ಅಸಲಿ ಫೋನಿನಿಂದ ತೆಗೆದದ್ದೇ ಆದರೂ, ಈ ಭಾಗ ಅಸಲಿಯಲ್ಲ ಎಂದು ಫೋನೇ ಸಾರತೊಡಗಿತು. ಮನೆ ಮಾರಿದ ಮೇಲೂ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಬುದ್ಧಿ ಇದು. ಗಿರಾಕಿಗಳು ಚಿಕ್ಕಪ್ಪನನ್ನು ಕಳ್ಳನ ಹಾಗೆ ನೋಡಿದರು. ಹೊಟ್ಟೆಪಾಡು, ಏನು ಮಾಡುವುದು. ಅವನೂ ಕಂಪನಿಯ ಒಪ್ಪಿಗೆ ಪಡೆದು ಅದರ ಟೀ ಶರ್ಟು ತೊಟ್ಟ. ಷರತ್ತು ಒಂದೇ: ಒಳಗಿನ ಬೋರ್ಡಿಗೆ ಕೈ ಹಾಕುವಂತಿಲ್ಲ. ಅದು ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು, ಫೋನಿನಲ್ಲಿದ್ದುದೆಲ್ಲ ಅದರ ಜೊತೆ ಹೋಗುತ್ತದೆ. ಮೀರಿದರೆ ಒಪ್ಪಿಗೆ ರದ್ದು.

ಅಂಗಡಿಗೆ ಎಸಿ ಬಂತು, ಚಿಕ್ಕಪ್ಪ ಸೊರಗಿದ. ಒಂದು ಭಾನುವಾರ ಚೆನ್ನಾಗಿ ತಿರುಗುತ್ತಿದ್ದ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅದಕ್ಕೇನಾಗಿದೆ ಎಂದರೆ, ಏನೂ ಆಗಿಲ್ಲ ಎಂದ. ಬಾಯಿಗೆ ಬಂದಂತೆ ಬೈಯಲು ಹೊರಟ ಚಿಕ್ಕಮ್ಮ ಅವನ ಮುಖ ನೋಡಿ ಚಟ್ನಿಗೆ ಒರಳು ತೊಳೆಯಲು ಹೋದಳು. ತವರಿಗೆ ಹಂಬಲಿಸುವ ಹೆಣ್ಣಿನಂತೆ ಅವನು ಬೆಸುಗೆಯ ಹೊಗೆಯ ವಾಸನೆಗೆ ಹಂಬಲಿಸುತ್ತಿದ್ದ.

ಆ ದಿನಗಳಲ್ಲೇ ಎದುರಂಗಡಿಯ ಟೈಲರ್ ತನ್ನ ಸತ್ತ ಫೋನು ಹಿಡಿದು ಅಂಗಡಿಗೆ ಬಂದ. ಹಳೆಯ ಗೆಳೆಯ. ಬರೆಯುವುದೆಂದರೆ ಅವನಿಗೆ ಆಗದು. ಟೇಪು ಹಿಡಿದು ಎದೆ, ತೋಳು, ಕಾಲರ್ ಎಂದು ಅಳತೆಯನ್ನು ಫೋನಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅರ್ಧ ಊರಿನ ಮೈಯಳತೆ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಚಿಕ್ಕಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. ಚಾರ್ಜ್ ಆಗುವ ಕಡೆಯ ಒಂದು ಸಣ್ಣ ಚಿಪ್, ಹೊಸದನ್ನು ಬೆಸೆದರೆ ಮುಗಿಯಿತು. ಕೈ ತುರಿಸಿತು. ಮೇಲೆ ಕಂಪನಿಯ ಕ್ಯಾಮರಾ ಕಣ್ಣು ಬಿಟ್ಟುಕೊಂಡಿತ್ತು.

"ಆಗಲ್ಲ ಕಣೋ," ಎಂದ. "ಬೋರ್ಡ್ ಬದಲಿಸ್ಬೇಕು. ಒಳಗಿರೋದೆಲ್ಲ ಹೋಗುತ್ತೆ."

"ನಿನ್ ಕೈಲೇ ಆಗಲ್ಲ ಅಂದ್ಮೇಲೆ ಇನ್ಯಾರ ಕೈಲಾಗುತ್ತೆ? ಬದಲಿಸ್ಬಿಡು."

ಇನ್ನೊಂದು ಅಂಗಡಿಗೆ ಹೋಗಿ ಕೇಳುವ ಯೋಚನೆಯನ್ನೂ ಆತ ಮಾಡಲಿಲ್ಲ. ಆ ನಂಬಿಕೆ ಚಿಕ್ಕಪ್ಪನನ್ನು ಒಳಗೊಳಗೇ ಕೊರೆಯಿತು.

ಟೈಲರ್ ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದು ಮತ್ತೆ ಅಳತೆ ತೆಗೆಯತೊಡಗಿದ. ಕೆಲವರು ಬಂದರು, ಕೆಲವರು ಯಾಕೆ ರಗಳೆ ಎಂದು ರೆಡಿಮೇಡಿಗೆ ಹೋದರು. ಚಿಕ್ಕಪ್ಪನ ಸರದಿಯೂ ಬಂತು, ಜೊತೆಗೆ ನಾನಿದ್ದೆ. ಅವನು ತೋಳು ಚಾಚಿ ನಿಂತ. ಟೇಪು ಎದೆಯನ್ನು ಸುತ್ತಿತು.

"ಆಗ್ತಿತ್ತು ಕಣೋ," ಎಂದ. "ಒಂದು ಚಿಪ್ ಅಷ್ಟೇ. ಅಂಗಡಿ ಹೋಗುತ್ತೆ ಅಂತ ಮಾಡ್ಲಿಲ್ಲ."

ಟೈಲರ್ ಟೇಪು ಬಿಡಲಿಲ್ಲ. ಎದೆಯ ಮೇಲೆ ಅದನ್ನು ಸರಿಮಾಡಿದ.

"ಉಸಿರು ಬಿಡು," ಎಂದ. "ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."